ಬಾಸಿನ ಹಾವಿಗೆ ಬಾಯಿಹುಣ್ಣು

ನೆಮ್ಮದಿಯಾಗಿ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ಫ್ರೀವೇಯಿಂದ ಮನೆಗೆ ವಾಪಸು ಬಂದವನು ನಾನು. ಬಂದು ನೋಡಿದರೆ ನಮ್ಮ ಅಪಾರ್ಟ್‌ಮೆಂಟಿನ ಒಲೆ ಕರೆಂಟಿನದು. ಇಂಥವನು ಹೊಸ ಜವಾಬ್ದಾರಿ ಕಂಡರೆ ಮೈಲಿ ದೂರ ಓಡಬೇಕು. ಆದರೆ ನನಗೆ ಇನ್ನೊಂದು ಕಾಯಿಲೆಯೂ ಇದೆ. ಯಾರು ಏನು ಕೇಳಿದರೂ, ಅವರು ಕೇಳಿ ಮುಗಿಸುವ ಮೊದಲೇ ನನ್ನ ಬಾಯಿ 'ನೋ ಪ್ರಾಬ್ಲಮ್' ಎಂದುಬಿಡುತ್ತದೆ. ಆಮೇಲೆ ಪ್ರಾಬ್ಲಮ್ಮೆಲ್ಲ ಉಳಿದ ಮೈಗೆ.

ಕಂಪನಿಯ ಹೆಸರಿನ ಬಾಲಕ್ಕೆ ಡಾಟ್ ಕಾಮ್ ಸಿಕ್ಕಿಸಿದರೆ ಸಾಕು, ಜಗತ್ತು ಗೆದ್ದಂತೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಆಫೀಸಿಗೆ ನಾಯಿಗಳು ಬರುತ್ತಿದ್ದವು, ಒಂದು ಗಿಳಿ ಮೀಟಿಂಗಿಗೂ ಬರುತ್ತಿತ್ತು. ಬಾಸು ಡೇವ್ ಒಂದು ದಿನ ನನ್ನ ಮೇಜಿನ ತುದಿಗೆ ಕೂತು, ಹೂಡಿಕೆದಾರರನ್ನು ಹುಡುಕಿಕೊಂಡು ಊರೂರು ತಿರುಗಲು ಹೊರಟಿದ್ದೇನೆ, ಬರುವವರೆಗೆ ಬಿಸ್ಕಿಟ್ಟನ್ನು ನೋಡಿಕೊಳ್ಳುತ್ತೀಯಾ ಎಂದ. ಬಿಸ್ಕಿಟ್ ಎಂದರೆ ಬೆಕ್ಕಿರಬೇಕು ಎಂದುಕೊಂಡು ನಾನು ಹೇಳುವುದನ್ನು ಹೇಳಿಬಿಟ್ಟೆ. ಸಂಜೆ ಅವನು ಮನೆಗೆ ಹೊತ್ತು ತಂದದ್ದು ಗಾಜಿನ ಪೆಟ್ಟಿಗೆ. ಒಳಗೆ ಕಿತ್ತಳೆ ಬಣ್ಣದ, ನನ್ನ ಕೈಯುದ್ದದ ಹಾವು. ನೀರು, ಮುಚ್ಚಳ, ಪೆಟ್ಟಿಗೆಯ ಅಡಿಯ ಹೀಟರು ಎಂದು ಅವನು ಏನೇನೋ ವಿವರಿಸಿದ. ಹೆಂಡತಿಗೆ ಏನು ಹೇಳುವುದು ಎಂಬ ಯೋಚನೆಯಲ್ಲಿದ್ದ ನನ್ನ ಕಿವಿಗೆ ಒಂದೂ ಇಳಿಯಲಿಲ್ಲ.

ನನ್ನ ಹೆಂಡತಿ ಸುಮನಾ ಉಡುಪಿಯವಳು. ಅವಳ ಕಡೆ ಹಾವಿನ ವಿಷಯ ಆಟವಲ್ಲ. ನಾಗನ ಬನದ ಒಂದು ಎಲೆ ಕೀಳಲೂ ಹತ್ತು ಸಲ ಯೋಚಿಸುವ ಜನ. ಸಾಲದ್ದಕ್ಕೆ ಆಗ ನಮ್ಮ ಮೊದಲ ಮಗು ಅವಳ ಹೊಟ್ಟೆಯಲ್ಲಿತ್ತು. ಕಿರುಚುತ್ತಾಳೆ ಎಂದು ಕಾದೆ. ಅವಳು ಕೈಮುಗಿದಳು.

"ಎಂತ ಮಾರಾಯ್ರೆ, ನಾಗ ತಾನಾಗಿಯೇ ಮನೆಗೆ ಬಂದದ್ದಾ?"

"ತಾನಾಗಿ ಅಲ್ಲ ಕಣೇ, ಡೇವ್ ಕಾರಲ್ಲಿ ಬಂತು. ಮತ್ತೆ ಅದು ನಾಗರಹಾವಲ್ಲ. ಹೆಡೆನೂ ಇಲ್ಲ, ವಿಷಾನೂ ಇಲ್ಲ. ಅಮೆರಿಕದ್ದು."

"ಪಾಸ್‌ಪೋರ್ಟ್ ಬೇರೆ ಇರ್ಬಹುದು. ಕುಲ ಒಂದೇ ಅಲ್ವಾ?"

ಬಿಸ್ಕಿಟ್ ಅಂದಿನಿಂದ ನಮ್ಮ ಮನೆಯಲ್ಲಿ ನಾಗಪ್ಪನಾದ. ಅವನ ಊಟ, ಅಂದರೆ ಹೆಪ್ಪುಗಟ್ಟಿಸಿ ಪೊಟ್ಟಣ ಕಟ್ಟಿದ ಸತ್ತ ಇಲಿಗಳು, ತೆಂಗಿನತುರಿ ಇರುವ ನಮ್ಮ ಫ್ರೀಜರಿಗೆ ಬರಕೂಡದೆಂದು ಆಜ್ಞೆಯಾಯಿತು. ಆಫೀಸಿನ ಫ್ರೀಜರಿನಲ್ಲಿ ಐಸ್‌ಕ್ರೀಮಿನ ಹಿಂದೆ ಬಚ್ಚಿಟ್ಟೆ. ಯಾರಾದರೂ ಐಸ್‌ಕ್ರೀಮಿಗೆ ಎದ್ದರೆ ನಾನೇ ಮೊದಲು ಓಡಿ ತೆಗೆದುಕೊಡುತ್ತಿದ್ದೆ.

ಆಗಸ್ಟ್ ತಿಂಗಳು. ಊರೆಲ್ಲ ಬೇಸಿಗೆ ಎನ್ನುವಾಗ ಸಮುದ್ರದ ಕಡೆಯ ನಮ್ಮ ಬೀದಿಯಲ್ಲಿ ಮಂಜು ಕವಿದು ಸ್ವೆಟರು ಬೇಕಾಗುತ್ತಿತ್ತು. ನಾಗರಪಂಚಮಿ ಬಂತು. ಸುಮನಾ ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಯವರೆಗೆ ನನ್ನಿಂದ ಕಾರು ಓಡಿಸಿ ಅರಿಸಿನದ ಎಲೆ ಹುಡುಕಿಸಿದಳು, ಕಡುಬು ಬೇಯಿಸಿದಳು, ಪೆಟ್ಟಿಗೆಯೊಳಗೆ ಹಾಲು, ಎಳನೀರು ಇಟ್ಟಳು. ಕೆಲವು ದಿನ ಕಳೆದಿರಬೇಕು, ನಾನು ಆಫೀಸಿನಿಂದ ಬರುವಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣಲ್ಲಿ ನೀರು.

"ನಾಗಪ್ಪ ಹಾಲು ಕುಡಿದಿದ್ದಾನೆ! ತುಟಿಯಲ್ಲಿ ಇನ್ನೂ ಉಂಟು, ನೋಡಿ ಬೇಕಾದ್ರೆ. ಅಮ್ಮನಿಗೆ ಫೋನು ಮಾಡಿ ಹೇಳಿಯೂ ಆಯ್ತು."

ಬಗ್ಗಿ ನೋಡಿದೆ. ನಾಗಪ್ಪನ ಬಾಯಿ ಓರೆಯಾಗಿ ಸ್ವಲ್ಪ ತೆರೆದಿತ್ತು. ದವಡೆ ಊದಿತ್ತು. ಅಂಚಿನಲ್ಲಿ ಕೆನೆಮೊಸರಿನಂಥ ಬಿಳಿ. ಹಾಲಿನ ಬಟ್ಟಲು ಮಾತ್ರ ಇಟ್ಟ ಹಾಗೇ ಇದ್ದು, ಒಡೆದು ನಾರುತ್ತಿತ್ತು.

ಕೊಲ್ಲಿಯ ಸೇತುವೆ ದಾಟಿದರೆ ಸಿಗುವ ಪ್ಲೆಸೆಂಟನ್ ಊರಿನ ಹತ್ತಿರ ಹಾವು, ಹಲ್ಲಿಗಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ದಿಂಬಿನ ಚೀಲದಲ್ಲಿ ಹಾವು, ಚೀಲ ನನ್ನ ತೊಡೆಯ ಮೇಲೆ, ಕಾರು ಓಡಿಸಿದ್ದು ಸುಮನಾ. ಡಾಕ್ಟರಮ್ಮ ಬಾಯಿ ಬಿಡಿಸಿ ನೋಡಿ, ಇದು ಹಾಲಲ್ಲ, ಕೀವು ಎಂದರು. ಒಸಡಿಗೆ ಸೋಂಕು. ಬಿಟ್ಟರೆ ಮೂಳೆಗೆ ಇಳಿಯುತ್ತದೆ, ಆಮೇಲೆ ಹೇಳಲಾಗುವುದಿಲ್ಲ. ಮೈ ತಣ್ಣಗಾದ ಹಾವಿಗೆ ಕಾಯಿಲೆಯೊಂದಿಗೆ ಹೋರಾಡುವ ಶಕ್ತಿ ಇರುವುದಿಲ್ಲ, ಹೀಟರು ಸರಿಯಾಗಿದೆಯೇ ಎಂದು ಕೇಳಿದರು. ನಾನು ನೋ ಪ್ರಾಬ್ಲಮ್ ಎನ್ನಲು ಬಾಯಿ ತೆರೆದೆ. ಸುಮನಾ ಮೆಲ್ಲಗೆ ನನ್ನ ತೋಳು ಹಿಡಿದಳು.

"ಅದನ್ನು ನಾನೇ ತೆಗೆದದ್ದು. ಪಂಚಮಿಯ ದಿನ ನಾವು ಒಲೆಗೆ ಕಾವಲಿ ಇಡುವುದಿಲ್ಲ. ನಾಗನ ಹೊಟ್ಟೆಯ ಅಡಿಗೆ ಬೆಂಕಿ ಇಡುವುದಾ? ನಾಗನಿಗೆ ತಂಪು ಮಾಡಬೇಕು ಅಲ್ವಾ?"

ಅವಳ ತಾತ, ಮುತ್ತಾತಂದಿರೆಲ್ಲ ಹಾಲು, ಎಳನೀರು ಎರೆದು ನಾಗನನ್ನು ತಂಪು ಮಾಡಿದವರೇ. ಇದನ್ನು ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಕರೆಂಟು ಹೋಗಿತ್ತು ಎಂದೆ.

ವಾಪಸು ಬರುವಾಗ ಸೇತುವೆಯ ಮೇಲೆ ಅವಳು ಇದ್ದಕ್ಕಿದ್ದಂತೆ ಅತ್ತಳು. "ನಮ್ಮ ಮನೆಯಲ್ಲಿ ನಾಗಪ್ಪ ಹೋದ್ರೆ, ಈ ಮಗುವಿಗೆ…" ಎಂದು ನಿಲ್ಲಿಸಿದಳು. "ಹುಚ್ಚೇ ನಿಂಗೆ? ಅದು ಒಂದು ಸಾಕಿದ ಹಾವು ಅಷ್ಟೆ," ಎಂದು ನಕ್ಕೆ. "ನೆಗಾಡ್ಬೇಡಿ ನೀವು," ಎಂದಳು. ನಕ್ಕಿದ್ದೇನೋ ನಿಜ. ಆದರೆ ನನಗೂ ಹೆದರಿಕೆಯಾಗಿತ್ತು. ಸೈನ್ಸು ಓದಿದವನು ನಾನು, ದೋಷಗೀಷ ನಂಬುವವನಲ್ಲ. ಆದರೂ ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡೇ ಕೂತಿದ್ದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಸಂಜೆ ನಾನು ತಲೆ ಹಿಡಿಯಬೇಕು, ಅವಳು ಹತ್ತಿಯಲ್ಲಿ ಕಂದು ಔಷಧ ಅದ್ದಿ ಒಸಡು ಒರೆಸಬೇಕು. ಪ್ರತಿ ಸಲವೂ ಅವಳು ಸ್ನಾನ ಮಾಡಿಯೇ ಮುಟ್ಟುವುದು. ಔಷಧಕ್ಕೆ ಚೂರು ಅರಿಸಿನ ಬೆರೆಸಬಹುದೇ ಎಂದು ಡಾಕ್ಟರಮ್ಮನಿಗೆ ನನ್ನಿಂದ ಫೋನು ಮಾಡಿಸಿ ಬೈಸಿದಳು. ಇಂಜೆಕ್ಷನ್ನಿಗೆ ಮತ್ತೆ ಮತ್ತೆ ಸೇತುವೆ ದಾಟಿದೆವು. ಆಫೀಸಿನಿಂದ ಗಳಿಗೆಗೊಮ್ಮೆ ಫೋನು ಮಾಡುತ್ತಿದ್ದೆ. "ಬಾಯಿ ಮುಚ್ಚಿದ್ಯಾ?" ಎಂದರೆ, "ಯಾರದ್ದು? ನನ್ನದಾ ನಾಗಪ್ಪನದ್ದಾ?" ಎಂದು ರೇಗುತ್ತಿದ್ದಳು. ಹೀಟರು ಹಾಕಿದೆಯೋ ಎಂದು ಪೆಟ್ಟಿಗೆಯ ಅಡಿಗೆ ಕೈಯಿಟ್ಟು ನೋಡಿ, ಕಾರಿನ ಹತ್ತಿರ ಹೋಗಿ, ವಾಪಸು ಬಂದು ಮತ್ತೆ ನೋಡುತ್ತಿದ್ದೆ.

ಕೊನೆಗೊಂದು ಭಾನುವಾರ, ಊತ ಇಳಿದ ಮೇಲೆ, ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಚಿಮಟದಲ್ಲಿ ಹಿಡಿದೆ. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ನನ್ನ ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ಕಣ್ಣು ಮುಚ್ಚಿ ನಿಂತಿದ್ದಳು.

"ತಿಂದನಾ?"

"ತಾಳು… ಹಿಡಿದ. ನುಂಗ್ತಿದಾನೆ… ನುಂಗಿದ!"

ಅವಳು ಅಲ್ಲೇ ನೆಲಕ್ಕೆ ಕೂತು ಅತ್ತಳು. ನಾನೂ ಅತ್ತೆ, ಚಿಮಟ ಹಿಡಿದುಕೊಂಡೇ. ಒಂದು ಇಲಿ ಹಾವಿನ ಹೊಟ್ಟೆ ಸೇರಿದ ಖುಷಿಗೆ ಅಂದು ನಮ್ಮ ಮನೆಯಲ್ಲಿ ಪಾಯಸವಾಯಿತು.

ಡೇವ್ ಬಂದು ಪೆಟ್ಟಿಗೆ ಒಯ್ಯುವಾಗ ಸುಮನಾ ಅವನನ್ನು ತಡೆದು, ಹೀಟರನ್ನು ಯಾವ ಕಾರಣಕ್ಕೂ ತೆಗೆಯಕೂಡದೆಂದು ಬುದ್ಧಿ ಹೇಳಿ ಕಳಿಸಿದಳು. ಅವನು ಪಾಪ, ತಲೆಯಾಡಿಸಿದ. ಚಳಿಗಾಲದಲ್ಲಿ ಮಗಳು ಹುಟ್ಟಿದಳು, ಗುಂಡುಗುಂಡಾಗಿ, ಕಟ್ಟಡವೇ ಎದ್ದು ಕೂರುವಂಥ ಗಂಟಲಿನೊಂದಿಗೆ.

ಮರುವರ್ಷದ ಪಂಚಮಿಗೆ ಮಗಳನ್ನು ಎತ್ತಿಕೊಂಡು ದೇವಸ್ಥಾನಕ್ಕೆ ಹೋದೆವು. ಹೊರಗೆ ಅದೇ ಮಂಜು. ನಾಗರಕಲ್ಲಿನ ಮುಂದೆ ಭಟ್ಟರು ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ಕ್ಯಾನಿನ ಮೈಮೇಲೆಲ್ಲ ಬೆವರು. ಮಂತ್ರ ಶುರುವಾಯಿತು, ಕ್ಯಾನು ಬಗ್ಗಿತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಪಿಸುಗುಟ್ಟಿದೆ:

"ಭಟ್ರೇ, ಒಂದ್ನಿಮಿಷ. ಹಾಲು ಸ್ವಲ್ಪ ಬೆಚ್ಚಗೆ ಮಾಡ್ಕೊಂಡು ಎರೆದ್ರೆ ಆಗಲ್ವಾ?"

ಭಟ್ಟರು ಮಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. ಹಿಂದಿನಿಂದ ಸುಮನಾ ನನ್ನ ಜುಬ್ಬ ಜಗ್ಗಿದಳು.

"ಮಾನ ತೆಗೀಬೇಡಿ ಮಾರಾಯ್ರೆ, ಬನ್ನಿ ಈಚೆ. ಅದು ಕಲ್ಲು!"