ಮಾವನ ಸ್ಯಾಂಪಲ್ ಶಾಸ್ತ್ರ

ನನ್ನ ಸೋದರಮಾವ ದೊಡ್ಡ ಗಣಿತಜ್ಞರಂತೆ. ಇರಬಹುದು! ಅವರ ಜೊತೆ ಸಂತೆಗೆ ಹೋಗಿ ಬಂದವರು ಮಾತ್ರ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಮಾವ ಛತ್ರಪತಿ ಸಂಭಾಜಿನಗರದ ಕಾಲೇಜೊಂದರಲ್ಲಿ ಪ್ರೊಫೆಸರು. ಒಂದು ಆಕಾರದಲ್ಲಿ ಎಲ್ಲೆಲ್ಲಿ ಚುಕ್ಕಿ ಆರಿಸಿದರೆ, ಆ ಕೆಲವೇ ಚುಕ್ಕಿಗಳನ್ನು ನೋಡಿ ಇಡೀ ಆಕಾರದ ಗುಣ ಹೇಳಬಹುದು ಎಂಬುದು ಅವರ ಸಂಶೋಧನೆ. ನಮ್ಮ ಯಜಮಾನರ ಸಾತಪುರದ ಕಾರ್ಖಾನೆಯಲ್ಲೂ ಇಂಥದೇ ಲೆಕ್ಕದಿಂದ ಬಿಡಿಭಾಗಗಳನ್ನು ಪರೀಕ್ಷಿಸುತ್ತಾರಂತೆ. ಮಾವ ಅಷ್ಟಕ್ಕೇ ನಿಂತಿದ್ದರೆ ನಮ್ಮ ಪುಣ್ಯ!

ನಾಶಿಕದ ನಮ್ಮ ಮನೆಗೆ ಬಂದಾಗ ದ್ರಾಕ್ಷಿ ತರಲು ಹೋದೆವು. ಮಾವ ಬುಟ್ಟಿಯ ಮೇಲಿಂದೊಂದು, ನಡುವಿನಿಂದೊಂದು, ತಳದಿಂದೊಂದು ಕಿತ್ತು ಬಾಯಿಗೆ ಹಾಕುತ್ತಲೇ ಇದ್ದರು. ಮಾರುವವಳು ಸೊಂಟಕ್ಕೆ ಕೈಯಿಟ್ಟಳು.

"ಕಾಕಾ, ನಮುನಾ ಘೇತಾಯ್ ಕೀ ಜೇವತಾಯ್?"

ರುಚಿ ನೋಡ್ತಿದ್ದೀರೋ, ಊಟಕ್ಕೇ ಕೂತಿದ್ದೀರೋ ಅಂತ! ನಾನು ತಲೆ ತಗ್ಗಿಸಿಕೊಂಡು ಎರಡು ಕಿಲೋ ಕೊಂಡೆ.

ಯುಗಾದಿಯದು ಇನ್ನೂ ದೊಡ್ಡ ರಾಮಾಯಣ. ಮಾವನ ಮನೆಯಲ್ಲಿ, ಅವರ ಹೆಂಡತಿ ನಮ್ಮತ್ತೆ ನೈವೇದ್ಯಕ್ಕೆ ಹೋಳಿಗೆ ಮಾಡಿ ಮುಚ್ಚಿಟ್ಟಿದ್ದರು. ಮಾವ ಮೆಲ್ಲಗೆ ಒಂದನ್ನು ಎತ್ತಿ, ನಡುವೆ ಒಂದು ಚೂರು, ಅಂಚಿನ ಸುತ್ತ ನಾಲ್ಕು ಚೂರು ಚಿವುಟಿ ತಿಂದು, "ಹೂರಣ ಅಂಚಿಗೆ ಮುಟ್ಟಿಲ್ಲ" ಎಂದು ತೀರ್ಪು ಕೊಟ್ಟರು.

"ಅಯ್ಯ ನನ್ನ ಕರ್ಮ! ದೇವರಿಗಿಂತ ಮೊದಲ ನಿಮಗ ಸ್ಯಾಂಪಲ್ ಬೇಕಾತೇನ್ರಿ?" ಅತ್ತೆ ಲಟ್ಟಣಿಗೆ ಹಿಡಿದೇ ಬಂದರು.

"ಒಂದಕ್ಕ ಅಷ್ಟೇ ಕೈ ಹಚ್ಚೇನಿ. ಉಳಿದಾವೆಲ್ಲ ಮಡಿಯೊಳಗ ಅವ!"

ಅತ್ತೆ ಮತ್ತೆ ಬೇಳೆ ಬೇಯಿಸಿದರು. ಹಬ್ಬದೂಟಕ್ಕೆ ಸಂಜೆಯಾಯಿತು.

ಮರುವರ್ಷ ಅತ್ತೆಯ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರೋ ಅಲ್ಲವೋ ತಿಳಿಯಬೇಕಿತ್ತು. ಸೂಜಿಯಿಂದ ಎರಡು ಮೂರು ಕಡೆ ಚೂರು ತೆಗೆದರೆ ಸಾಕು ಎಂದರು ಡಾಕ್ಟರು. ಮಾವ ಎದ್ದು ನಿಂತರು.

"ಅಷ್ಟರಾಗ ಹೆಂಗ ಗೊತ್ತಾಗ್ತದ? ಪೂರ್ತಿ ನೋಡ್ರಿ!" ಮರಾಠಿ ಡಾಕ್ಟರೆದುರು ಕನ್ನಡದಲ್ಲೇ ಕೂಗುತ್ತಿದ್ದೇನೆಂಬ ಎಚ್ಚರವೂ ಅವರಿಗಿರಲಿಲ್ಲ.

ವರದಿ ಬಂತು. ಕ್ಯಾನ್ಸರ್ ಅಲ್ಲ. ನನಗೆ ಹೋದ ಜೀವ ಬಂದಂತಾಗಿ, "ನೋಡ್ರಿ ಮಾವ, ನಿಮ್ಮ ಗಣಿತದ ಮ್ಯಾಲೆ ನಿಮಗೇ ನಂಬಿಕಿ ಇಲ್ಲಲ್ಲ!" ಎಂದು ಛೇಡಿಸಿದೆ.

ಮಾವ ನಗಲಿಲ್ಲ. "ಗಣಿತದಾಗ ಸಾವಿರಕ್ಕ ಒಂದು ತಪ್ಪಾದ್ರ ನಡೀತದವಾ," ಎಂದರು. "ನನಗ ಇರಾಕಿ ಇಕಿ ಒಬ್ಬಾಕಿ."

ಅತ್ತೆ ನಮ್ಮೆಲ್ಲರ ಎದುರಿಗೇ ಅವರ ಕೈ ಹಿಡಿದುಕೊಂಡು ಕೂತರು.