ಮಗಳ ನಾಟಕಕ್ಕೆ ಒಬ್ಬ ಪ್ರೇಕ್ಷಕ

ವಾಟಿ ಲಾಕಿಯವರ ಬಾಯಿಂದ 'ಇಲ್ಲ, ಆಗಲ್ಲ' ಎಂಬ ಮಾತು ಹೊರಡುತ್ತಿರಲಿಲ್ಲ. ಇಂಥವರು ಆಗಸ್ಟ್ ತಿಂಗಳಲ್ಲಿ ಎಡಿನ್‌ಬರೋದ ಬೀದಿಗೆ ಇಳಿಯಲೇಬಾರದು. ಆ ತಿಂಗಳಿಡೀ ಅಲ್ಲಿ ನಾಟಕೋತ್ಸವ. ಊರಿನ ಪ್ರತಿ ನೆಲಮಾಳಿಗೆಯಲ್ಲೂ ನಾಟಕ, ಪ್ರತಿ ಮೂಲೆಯಲ್ಲೂ ಕರಪತ್ರ ಹಿಡಿದು ಕೈ ಎಳೆಯುವ ನಟರು. ಆದರೆ ಆ ಶನಿವಾರ ಲಾಕಿಯವರು ಹೊರಡದೆ ಗತ್ಯಂತರವಿರಲಿಲ್ಲ.

ಅವರ ಮಗಳು ಐಲ್ಸಾ ಹಲ್ಲಿನ ಡಾಕ್ಟರ ಬಳಿಯ ಕೆಲಸಕ್ಕೆ ರಜೆ ಹಾಕಿ, ಕೌಗೇಟ್ ಬೀದಿಯ 'ಕುಂಟ ಕುರಿ' ಎಂಬ ಪಬ್ಬಿನ ನೆಲಮಾಳಿಗೆಯಲ್ಲಿ ಒಬ್ಬಳೇ ನಾಟಕವಾಡುತ್ತಿದ್ದಳು. ಕತೆ ಅವಳ ಅಮ್ಮ ಮೇಸಿಯದು. ಕರಿದ ಮೀನಿನ ಅಂಗಡಿಯಲ್ಲಿ ನಿಂತು, ಮೀನಿನ ಪೊಟ್ಟಣದ ಜೊತೆ ನಾಲ್ಕು ಬೈಗುಳವನ್ನೂ ಬಿಸಿಬಿಸಿಯಾಗಿ ಕೊಡುತ್ತಿದ್ದ ಮೇಸಿ ತೀರಿಕೊಂಡು ಮೂರು ವರ್ಷವಾಗಿತ್ತು. ಮೊದಲ ದಿನ ಲಾಕಿಯವರು ಜ್ವರ ಬಂದು ಮಲಗಿದ್ದರು. ಬೇರೆ ನರಪಿಳ್ಳೆಯೂ ನಾಟಕಕ್ಕೆ ಬರಲಿಲ್ಲ.

"ಇವತ್ತೂ ಯಾರೂ ಬರ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಬಿಡ್ತೀನಪ್ಪಾ," ಎಂದಳು ಐಲ್ಸಾ ಬೆಳಿಗ್ಗೆ. "ಖಾಲಿ ಕುರ್ಚಿಗಳ ಮುಂದೆ ಅಮ್ಮನ ಹಾಗೆ ಮಾತಾಡಕ್ಕೆ ತುಂಬಾ ಸಂಕಟ ಆಗತ್ತೆ."

"ನಾನಿರ್ತೀನಲ್ಲೇ! ಐದು ಗಂಟೆಗೆ, ಮೊದಲನೇ ಸಾಲಲ್ಲಿ."

"ಶುರುವಾದ್ಮೇಲೆ ಬಾಗ್ಲು ತೆಗೆಯಲ್ಲ ಅವರು. ದಾರೀಲಿ ಯಾರ ಜೊತೇನೂ ಮಾತಿಗೆ ನಿಲ್ಲಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ದಾರಿಯವರೆಗೆ ಹೋಗುವುದೇ ಬೇಡವಾಯಿತು. ಮಧ್ಯಾಹ್ನ ಮನೆಯ ಮೆಟ್ಟಿಲಲ್ಲೇ ಕೆಳಗಿನ ಮನೆಯ ಎಫಿ ಟಲಕ್ ಅಡ್ಡಗಟ್ಟಿದಳು. ಆ ಕಟ್ಟಡದಲ್ಲಿ ಎಲ್ಲರೂ ಆಗಸ್ಟಿನಲ್ಲಿ ಒಂದು ಕೋಣೆಯನ್ನು ನಾಟಕದವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಕೊಟ್ಟ ಮೇಲೆ ಆ ನಾಟಕದವರು ಮನೆಮಕ್ಕಳಾಗಿಬಿಡುತ್ತಿದ್ದರು. ಅವರ ನಾಟಕ ನೋಡದವರ ಜೊತೆ ಕ್ರಿಸ್‌ಮಸ್‌ವರೆಗೂ ಮಾತಿಲ್ಲ.

"ಲಾಕಿಯವರೇ, ನಮ್ಮ ಲೀಡ್ಸ್ ಹುಡುಗರದ್ದು ನೋಡಿದ್ರಾ? ಇಲ್ವಾ? ಒಂದೇ ಕಟ್ಟಡದವರೇ ನೋಡ್ದಿದ್ರೆ ಪಾಪ, ಅವರು ಯಾರ ಮುಖ ನೋಡ್ಬೇಕು?"

"ಐದಕ್ಕೆ ಐಲ್ಸಾದು…"

"ಐದಕ್ಕೆ ತಾನೇ? ಇದು ಒಂದೇ ಗಂಟೆ. ನಡೀರಿ!"

ಲೀಡ್ಸ್ ಹುಡುಗರ ನಾಟಕ ಹಡಗು ಮುಳುಗುವುದರ ಬಗ್ಗೆ. ಮೊದಲ ಸಾಲಿನಲ್ಲಿ ಕೂತವರನ್ನು ಹಿಡಿದು ವೇದಿಕೆಗೆ ಎಳೆಯುವುದು ಈ ಉತ್ಸವದ ಹಳೇ ಚಾಳಿ ಎಂಬುದು ಲಾಕಿಯವರಿಗೆ ನೆನಪಾಗುವಷ್ಟರಲ್ಲಿ ಅವರನ್ನು ಹಾಯಿ ಕಟ್ಟುವ ಕಂಬ ಮಾಡಿ ಹಗ್ಗ ಸುತ್ತಿ ಆಗಿತ್ತು. ಬಿರುಗಾಳಿ ಬಂತು, ಹಡಗು ಮುಳುಗಿತು. ಹುಡುಗರು ಈಜುತ್ತಾ ಹೋದರು. ಕಂಬ ಮಾತ್ರ ನಿಂತೇ ಇತ್ತು.

"ದಯವಿಟ್ಟು ಬಿಚ್ರಪ್ಪಾ," ಎಂದಿತು ಕಂಬ ಕೊನೆಗೆ. "ಐದು ಗಂಟೆಗೆ ಕುಂಟ ಕುರೀಲಿ ನನ್ನ ಮಗಳ ನಾಟಕ ಇದೆ. ನಾನು ಹೋಗ್ದಿದ್ರೆ ಅವಳಿಗೆ ಯಾರೂ ಗತಿ ಇಲ್ಲ!"

ಜನ ಬಿದ್ದು ಬಿದ್ದು ನಕ್ಕರು. ಹುಡುಗರು ಹಗ್ಗ ಬಿಚ್ಚಿ, ಬೆನ್ನು ತಟ್ಟಿ, "ನಾಳೇನೂ ಬನ್ನಿ ಸಾರ್," ಎಂದರು.

ಹೊರಗೆ ಮೇಲಿನ ಮನೆಯ ಬೇರ್ಡ್ ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಓಹೋ! ಎಫಿ ಬಾಡಿಗೆಯವರ ನಾಟಕ ಆಗತ್ತೆ, ನಮ್ಮನೇಲಿರೋ ಇಟಲಿ ಗಾಯಕಿ ಸಿನ್ಯೋರಾದು ಆಗಲ್ಲ, ಅಲ್ವಾ?"

"ಹಾಗಲ್ಲ ಮೇಷ್ಟ್ರೇ, ನನ್ನ ಮಗಳದ್ದು…"

"ಇಪ್ಪತ್ತು ವರ್ಷದ ನೆರೆಹೊರೆ ಇವತ್ತಿಗೆ ಮುಗೀತು ಅಂದ್ಕೋತೀನಿ ಬಿಡಿ."

ನೆರೆಹೊರೆ ಉಳಿಸಲು ಲಾಕಿಯವರು ಹೋದರು. ಈ ಸಲ ಜಾಣತನ ಮಾಡಿ ಕೊನೆಯ ಸಾಲಿನಲ್ಲಿ ಕೂತರು. ಆದರೆ ಸಿನ್ಯೋರಾ ಹಾಡುತ್ತಾ ಕೊನೆಯ ಸಾಲಿಗೇ ಬಂದು, ಇವರನ್ನು ತಬ್ಬಿಕೊಂಡು ಗಂಡನೆಂದು ಗುರುತಿಸಿ, ಕರೆದೊಯ್ದು ಶವಪೆಟ್ಟಿಗೆಯಲ್ಲಿ ಮಲಗಿಸಿದಳು. ಇಟಾಲಿಯನ್ ಭಾಷೆಯಲ್ಲಿ ಅವಳು ಅತ್ತ ರೀತಿಗೆ ಲಾಕಿಯವರಿಗೇ ತಾವು ಸತ್ತದ್ದು ಅನ್ಯಾಯ ಅನ್ನಿಸಿತು. ಎಷ್ಟು ಹೊತ್ತಾದರೂ ಅಳು ನಿಲ್ಲದಿದ್ದಾಗ ಹೆಣ ಎದ್ದು ಕೂತಿತು.

"ಕ್ಷಮಿಸಿ ತಾಯಿ, ಗಂಟೆ ಎಷ್ಟಾಯ್ತು? ಐದಕ್ಕೆ ಕುಂಟ ಕುರೀಲಿ ನನ್ನ ಮಗಳ ನಾಟಕ. ಅವಳಮ್ಮನ ಕತೆ. ತಡವಾದ್ರೆ ಒಳಗೆ ಬಿಡಲ್ಲ."

ಅಳುತ್ತಿದ್ದ ಜನ ನಕ್ಕರು, ನಗುತ್ತಲೇ ಮತ್ತೆ ಅತ್ತರು, ಎದ್ದು ನಿಂತು ಚಪ್ಪಾಳೆ ಹೊಡೆದರು. ಬೇರ್ಡ್ ಮೇಷ್ಟ್ರು ಪಕ್ಕದವರಿಗೆ, "ನಮ್ಮ ಕಟ್ಟಡದವರೇ," ಎಂದು ಹೇಳಿಕೊಂಡರು.

ಇನ್ನೂ ಸಮಯವಿತ್ತು. ಲಾಕಿಯವರು ತಲೆ ತಗ್ಗಿಸಿ, ಯಾರ ಕಣ್ಣನ್ನೂ ನೋಡದೆ ರಾಯಲ್ ಮೈಲ್ ಬೀದಿಯಲ್ಲಿ ನಡೆದರು. ಒಬ್ಬ ಹುಡುಗಿ ಅಡ್ಡ ಬಂದಳು. ಕಣ್ಣು ತುಂಬಿತ್ತು.

"ಇನ್ನೊಬ್ರು ಬೇಕಿತ್ತು ಸಾರ್. ಆರು ಜನ ಆಗ್ದಿದ್ರೆ ನಮ್ಮ ನಾಟಕ ನಡೆಯಲ್ಲ. ಬೇಗ ಮುಗಿಯತ್ತೆ, ಕೌಗೇಟ್ ಕಡೇನೇ ಹೋಗೋದು."

ಅವಳ ಮುಖದಲ್ಲಿ ಲಾಕಿಯವರಿಗೆ ಐಲ್ಸಾಳ ಖಾಲಿ ಕುರ್ಚಿಗಳು ಕಂಡವು. ಸರಿ ಎಂದರು.

ಅದು ಪ್ರೇಕ್ಷಕರ ಕಣ್ಣಿಗೆ ಬಟ್ಟೆ ಕಟ್ಟಿ ಊರೊಳಗೆ ನಡೆಸುವ ನಾಟಕ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ನಡೆಯಬೇಕು, ಒಬ್ಬ ಕವಿ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಲಾಕಿಯವರು ಕವಿಗೆ ಕಿವಿಗೊಡದೆ, ಮುಂದಿದ್ದ ಹೆಂಗಸಿಗೂ ಹಿಂದಿದ್ದ ಯುವಕನಿಗೂ ಮಗಳ ವಿಷಯ ಹೇಳುತ್ತಾ ನಡೆದರು. ಬಟ್ಟೆ ಬಿಚ್ಚಿದಾಗ ಕಂಡದ್ದು ಕೌಗೇಟ್ ಅಲ್ಲ. ಕಣ್ಣೆದುರು ಆರ್ಥರ್ಸ್ ಸೀಟ್ ಗುಡ್ಡ, ಅದರ ಬುಡದಲ್ಲಿ ಒಂದು ಬಾತುಕೋಳಿ. ಕವಿ ದಾರಿ ತಪ್ಪಿದ್ದ. ಐದಕ್ಕೆ ಸ್ವಲ್ಪವೇ ಬಾಕಿ. ಮುಂದಿದ್ದ ಹೆಂಗಸು, ಹಿಂದಿದ್ದ ಯುವಕ ಇಬ್ಬರೂ ಆಗಲೇ ಓಟ ಕಿತ್ತಿದ್ದರು.

ಲಾಕಿಯವರೂ ಓಡಿದರು. ಮಂಡಿ ಬೇಡವೆಂದರೂ ಓಡಿದರು. ಏದುಸಿರು ಬಿಡುತ್ತಾ ಕುಂಟ ಕುರಿಯ ಮೆಟ್ಟಿಲಿಳಿದಾಗ ಬಾಗಿಲು ಇನ್ನೂ ತೆರೆದಿತ್ತು. ಸದ್ಯ!

ಕುತ್ತಿಗೆಗೆ ಬಿಲ್ಲೆ ತೂಗುಹಾಕಿಕೊಂಡ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. "ಜಾಗ ಇಲ್ಲ."

"ಜಾಗ ಇಲ್ವಾ? ಇದು ಯಾರೂ ಬರದ ನಾಟಕ ಕಣಮ್ಮಾ!"

"ನಲವತ್ತು ಕುರ್ಚಿ, ನಲವತ್ತು ಜನ. ಈಗಷ್ಟೇ ಇಬ್ರು ಗುಡ್ಡದ ಕಡೆಯಿಂದ ಓಡ್ಬಂದು ಕೊನೇ ಎರಡು ಹಿಡಿದ್ರು. ಇನ್ನೊಬ್ರನ್ನ ಬಿಟ್ರೆ ಅಗ್ನಿಶಾಮಕದವರು ನಾಳೆ ಬೀಗ ಜಡೀತಾರೆ." ಅವಳು ದನಿ ತಗ್ಗಿಸಿದಳು. "ಯಾರೋ ಮುದುಕ ಮಧ್ಯಾಹ್ನದಿಂದ ಬೇರೆಯವರ ನಾಟಕಕ್ಕೆ ನುಗ್ಗಿ, ಕಂಬ ಆಗಿ, ಹೆಣ ಆಗಿ, ಇದರ ಪ್ರಚಾರ ಮಾಡ್ತಿದಾನಂತೆ. ಏನು ತಲೆ ಅವನದ್ದು!"

"ಆ ಮುದುಕ ನಾನೇ."

"ನಿಮಗಿಂತ ಮುಂಚೆ ಇಬ್ರು ಹಾಗೇ ಅಂದ್ರು," ಎಂದು ಅವಳು ಬಾಗಿಲು ಹಾಕಿದಳು.

ಲಾಕಿಯವರು ಬಿಯರ್ ಪೀಪಾಯಿಗಳ ಪಕ್ಕ ಮೆಟ್ಟಿಲ ಮೇಲೆ ಕುಸಿದರು. ದಪ್ಪ ಬಾಗಿಲಿನಾಚೆಯ ಮಾತು ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಒಮ್ಮೆ ಆ ನಗು ಪೂರ್ತಿ ನಿಂತು, ಯಾರೋ ಮೂಗು ಸೀಟಿದ ಸದ್ದು ಬಂತು. ಅವರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಅಪರಿಚಿತರೆಲ್ಲ ಮೇಸಿಯನ್ನು ನೋಡುತ್ತಿದ್ದರು, ಅವಳ ಗಂಡ ಹೊರಗಿದ್ದ.

ಎಲ್ಲ ಮುಗಿದು, ಎಫಿ, ಬೇರ್ಡ್ ಮೇಷ್ಟ್ರು, ಸಿನ್ಯೋರಾ ಸಮೇತ ಜನ ಹೊರಬಿದ್ದ ಮೇಲೆ ಐಲ್ಸಾ ಬಂದಳು. ಮುಖ ಅರಳಿತ್ತು. "ಅಪ್ಪಾ! ತುಂಬಿತ್ತು! ಎಲ್ಲಿ ಕೂತಿದ್ದೆ ನೀನು?"

"ಇಲ್ಲೇ," ಎಂದರು ಲಾಕಿಯವರು ಮೆಟ್ಟಿಲು ತೋರಿಸಿ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಳೆಯದಾದರೂ ಒಂದು ಟಿಕೆಟ್ ಕೊಡಿ ಎಂದು ಲಾಕಿಯವರು ಕೇಳಿದರೆ ಬಿಲ್ಲೆಯ ಹೆಂಗಸು, "ನಾಳೇದಷ್ಟೇ ಅಲ್ಲ, ಕೊನೇ ದಿನದವರೆಗಿನ ಟಿಕೆಟ್ಟೆಲ್ಲ ಖಾಲಿ," ಎಂದಳು.

"ಹಾಳಾಗ್ಲಿ ಬಿಡು, ನಿನಗೋಸ್ಕರ ಬಸ್ಸಲ್ಲೇ ಆಡ್ತೀನಿ," ಎಂದಳು ಐಲ್ಸಾ.

ಬಸ್ಸಿನ ಮೇಲಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ ತಂದೆಯನ್ನು ಕೂರಿಸಿ, ಕಂಬಿ ಹಿಡಿದು ನಿಂತು ಅವಳು ಶುರುಮಾಡಿದಳು. ಅದೇ ದನಿ. ಅದೇ ಸಿಡುಕು. ಉಪ್ಪು ಬೇಕಾ, ವಿನಿಗರ್ ಬೇಕಾ, ಬಾಯಿಬಿಟ್ಟು ಹೇಳೋಕೆ ಏನ್ರೀ ಕಷ್ಟ ಎಂಬ ಅದೇ ಗದರಿಕೆ. ಹಿಂದಿನ ಸೀಟಿನವರು ಮಾತು ನಿಲ್ಲಿಸಿದರು. ಮುಗಿದಾಗ ಇಡೀ ಮೇಲಂತಸ್ತು ಚಪ್ಪಾಳೆ ತಟ್ಟಿತು.

ಆ ಸದ್ದಿಗೆ ಲಾಕಿಯವರು ಬೆಚ್ಚಿ ಎದ್ದು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. "ಥೇಟ್ ನಿಮ್ಮಮ್ಮನ ಹಾಗೇ ಕಣೇ!"

"ಅಪ್ಪಾ, ಎರಡನೇ ಮಾತಿಗೇ ಗೊರಕೆ ಹೊಡೀತಿದ್ದೆ ನೀನು."

"ಮತ್ತೆ? ದಿನಾ ರಾತ್ರಿ ಅವಳು ಅಂಗಡಿ ಮುಚ್ಚಿ ಬಂದು, ಹೀಗೇ ಎಲ್ಲರನ್ನೂ ಬೈತಿರ್ಬೇಕಾದ್ರೇ ನನಗೆ ನಿದ್ದೆ ಹತ್ತೋದು," ಎಂದರು ಲಾಕಿಯವರು. "ಅವಳು ಹೋದ್ಮೇಲೆ ಇವತ್ತೇ ನೋಡು, ಕಣ್ತುಂಬ ನಿದ್ದೆ ಮಾಡಿದ್ದು."

ಐಲ್ಸಾ ಅವರ ಪಕ್ಕ ಕೂತು ತೋಳಿಗೆ ತೋಳು ಸೇರಿಸಿದಳು. ಅವರು ಇಳಿಯಬೇಕಾದ ಸ್ಟಾಪು ಆಗಲೇ ದಾಟಿ ಹೋಗಿತ್ತು.