ಒತ್ತಿದೆ, ಹಿಡಿದೆ, ಬಿಟ್ಟೆ

ಊರಿನ ಬುಕ್ ಬೈಂಡರ್ ಬೆಳಗ್ಗೆ ಬೆತ್ತದ ಕುರ್ಚಿಯನ್ನು ಹಳೇ ಜೀಪಿನ ಹಿಂದೆ ಬಿಗಿದು ಕಟ್ಟಿ, ಹೆಂಡತಿಗೆ ಇಷ್ಟವಾದ ನೀಲಿ ಅಂಗಿ ತೊಟ್ಟು, ಸೀಟಿನಲ್ಲಿ ಕೂತು ಬ್ರೇಕ್ ತುಳಿದ. ಪೆಡಲು ಮೆತ್ತಗೆ ತಳಕ್ಕೆ ಹೋಗಿ ಕೂತುಬಿಟ್ಟಿತು.

ಅವನ ಜೀವವೂ ಅದರ ಜೊತೆಗೇ ಕೂತಿತು. ನರ್ಸ್ ಹೆಂಡತಿಗೆ ಬೆಟ್ಟದ ಮೇಲಿನ ಆಸ್ಪತ್ರೆಗೆ ವರ್ಗವಾಗಿ ಐದು ತಿಂಗಳು. ಅವಳಿಲ್ಲದ ಮನೆಯಲ್ಲಿ ಇವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. "ಇಲ್ಲಿನ ಕುರ್ಚೀಲಿ ಕೂತು ಸೊಂಟ ಬಿದ್ದೋಯ್ತು ಕಣ್ರೀ" ಎಂದು ಫೋನಿನಲ್ಲಿ ಅವಳು ಅಂದದ್ದೇ ನೆಪವಾಯಿತು. ಅವಳ ಕುರ್ಚಿಯನ್ನು ಹೇಳದೆ ಕೇಳದೆ ಒಯ್ದು ಅವಳ ಮುಂದೆ ಇಳಿಸಬೇಕು, ಅವಳ ಮುಖ ನೋಡಬೇಕು. ಆದರೆ ಬಸ್ಸಿನವರು ಕುರ್ಚಿ ಹತ್ತಿಸುವುದಿಲ್ಲ, ಬ್ರೇಕಿಲ್ಲದ ಜೀಪನ್ನು ನಲವತ್ತು ತಿರುವಿನ ಬೆಟ್ಟಕ್ಕೆ ಯಾವ ಧೈರ್ಯದ ಮೇಲೆ ಹತ್ತಿಸುವುದು?

ಎದುರು ಮನೆಯ ನಿವೃತ್ತ ಬಸ್ ಡ್ರೈವರಣ್ಣ ಕರೆಯದೆಯೇ ಬಂದ. "ಬ್ರೇಕ್ ಆಯಿಲ್ ನೀರು ಕುಡಿದಿದೆ ಕಣಪ್ಪಾ. ಬದಲಾಯಿಸಿ ಎಷ್ಟು ವರ್ಷ ಆಯ್ತು?"

"ಅವಳಿದ್ದಾಗ ಅವಳೇ ನೆನಪು ಮಾಡ್ತಿದ್ಲು ಅಣ್ಣಾ..."

"ಎಲ್ಲದಕ್ಕೂ ಅವಳಿದ್ದಾಗ, ಅವಳಿದ್ದಾಗ! ಎದ್ದು ಅಂಗಡಿಗೆ ಹೋಗು."

ಅಂಗಡಿಯವನು ಮೂರು ಡಬ್ಬಿ ತೋರಿಸಿದ: ಡಾಟ್ ಮೂರು, ಡಾಟ್ ನಾಲ್ಕು, ಡಾಟ್ ಐದು. ಹೆಂಡತಿಯ ಹತ್ತಿರ ಹೋಗುವ ಗಾಡಿಗೆ ಕಡಿಮೆ ನಂಬರು ಯಾಕೆಂದು ಬೈಂಡರ್ ಐದನ್ನೇ ಎತ್ತಿಕೊಂಡು ಬಂದ. ಡ್ರೈವರಣ್ಣ ಹಣೆ ಚಚ್ಚಿಕೊಂಡ.

"ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಏನು ಬರ್ದಿದೆ, ಓದು!"

"ಡಾಟ್ ಮೂರು ಇಲ್ಲ ನಾಲ್ಕು."

"ಐದರ ಜಾತಿನೇ ಬೇರೆ. ಅದು ಇದ್ರ ಜೊತೆ ಬೆರೆಯಲ್ಲ. ನಾಲ್ಕು ತಗೊಂಡ್ ಬಾ."

ಊರಿನ ಪುಸ್ತಕಗಳಿಗೆಲ್ಲ ರಟ್ಟು ಕಟ್ಟುವ ಮಹಾನುಭಾವ ಮುಚ್ಚಳದ ಮೇಲಿನ ಒಂದು ಸಾಲು ಓದಿರಲಿಲ್ಲ. ಮತ್ತೆ ಅಂಗಡಿ, ಮತ್ತೆ ಬಿಸಿಲು. ವಾಪಸು ಬಂದವನು, ಹೆಂಡತಿ ಬಿಟ್ಟುಹೋದ ದೊಡ್ಡ ಸಿರಿಂಜಿನಿಂದ ಟ್ಯಾಂಕಿನ ಕಪ್ಪು ಆಯಿಲ್ ಎಳೆದು, ಹೊಸದು ತುಂಬಿದ.

ಇನ್ನು ಬ್ರೇಕಿನ ಕೊಳವೆಗಳಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಿ ಬಿಗಿಯಬೇಕು. ಹಿಂದೆಲ್ಲ ಸೀಟಿನಲ್ಲಿ ಅವಳು ಕೂರುತ್ತಿದ್ದಳು. ಇವನು ಜೀಪಿನಡಿಯಿಂದ "ಒತ್ತು" ಅಂದರೆ "ಒತ್ತಿದೆ", "ಹಿಡಿ" ಅಂದರೆ "ಹಿಡಿದೆ", "ಬಿಡು" ಅಂದರೆ "ಬಿಟ್ಟೆ." ಮುಖ ಕಾಣುತ್ತಿರಲಿಲ್ಲ, ದನಿಯಷ್ಟೇ. ಆ ದನಿ ನೆನೆಯುತ್ತ ಬೈಂಡರ್ ಸ್ಪ್ಯಾನರ್ ಹುಡುಕಿದ.

ಡ್ರೈವರಣ್ಣನಿಗೆ ಮಂಡಿನೋವು. "ನಾನಿಲ್ವಾ ತಮ್ಮಾ?" ಎಂದು ಮಹಡಿ ಮನೆಯ ಅಕ್ಕ ಇಳಿದು ಬಂದಳು. ಬಂದವಳೇ ಸೀಟು ಹತ್ತಿ ಕೀ ತಿರುಗಿಸಿ ರೇಡಿಯೋ ಹಾಕಿದಳು. "ಸುಮ್ನೆ ಒತ್ತುತ್ತಾ ಕೂರೋಕೆ ನಂಗೆ ಬೇಜಾರಪ್ಪ."

"ಒತ್ತಿ ಅಕ್ಕಾ... ಹಿಡ್ಕೊಳ್ಳಿ ಅಕ್ಕಾ..."

ರೇಡಿಯೋದಲ್ಲಿ ಒಳ್ಳೇ ತಾಳ ಬಂತು. ಅಕ್ಕನ ಕಾಲು ಹಿಡಿಯುವ ಬದಲು ಕುಣಿಯಿತು. ನಿಪ್ಪಲ್ಲಿನಿಂದ ಚಿಮ್ಮಿದ ಆಯಿಲ್ ನೀಲಿ ಅಂಗಿಯ ಮೇಲೆ ಬಿತ್ತು, ತೆಗೆದಷ್ಟು ಗಾಳಿ ಮತ್ತೆ ಒಳಗೆ ಹೋಯಿತು.

"ಅಯ್ಯೋ, ಬಿಡಬೇಡಿ ಅಂದ್ನಲ್ಲಕ್ಕಾ!"

"ಬಿಡಿ ಅಂದ ಹಾಗೆ ಕೇಳಿಸ್ತು ಕಣೋ."

ಹೀಗೆ ಒಂದೊಂದು ಚಕ್ರಕ್ಕೆ ಒಂದೊಂದು ತಾಸು. ನಡುವೆ ಅಕ್ಕ ಫೋನಿನಲ್ಲಿ ಗುಸುಗುಸು ಮಾತಾಡಿದಳು. ಯಾರೆಂದು ಕೇಳಿದರೆ, "ನಿಂಗ್ಯಾಕೆ? ನಿನ್ ಕೆಲ್ಸ ನೋಡು" ಎಂದಳು.

ಸಂಜೆ ಐದಕ್ಕೆ ಪೆಡಲು ಕಲ್ಲಿನ ಹಾಗೆ ನಿಂತಿತು. ಬೈಂಡರ್ ಕುಣಿದಾಡಿದ, ಡ್ರೈವರಣ್ಣನನ್ನು ತಬ್ಬಿಕೊಂಡ, ಅಂಗಿ ಬದಲಾಯಿಸಿ ಬಂದು ಕೀ ತಿರುಗಿಸಿದ.

ಟಕ್ ಎಂದಿತು. ಮತ್ತೆ ತಿರುಗಿಸಿದರೆ ಅದೂ ಇಲ್ಲ.

"ಇಷ್ಟು ಹೊತ್ತೂ ರೇಡಿಯೋ ಹಾಡಿದೆ, ಒತ್ತಿದಾಗೆಲ್ಲ ಬ್ರೇಕ್ ಲೈಟ್ ಉರಿದಿದೆ. ಬ್ಯಾಟರಿ ಸತ್ತೋಯ್ತು" ಎಂದ ಡ್ರೈವರಣ್ಣ. "ತಳ್ಳಿ ಸ್ಟಾರ್ಟ್ ಮಾಡಿದ್ರೂ ದೀಪ ನಂಬೋ ಹಾಗಿಲ್ಲ. ಕತ್ತಲಲ್ಲಿ ಬೆಟ್ಟ ಬೇಡಪ್ಪಾ, ನಾಳೆ ನೋಡೋಣ." ಅಕ್ಕ ಅಷ್ಟರಲ್ಲಿ ಮಹಡಿ ಸೇರಿದ್ದಳು.

ಆಗಲೇ ಹೆಂಡತಿಯ ಫೋನು ಬಂತು. "ರೀ, ಎಲ್ಲಿವರೆಗೆ ಬಂದ್ರಿ? ಎಷ್ಟನೇ ತಿರುವು?"

ಬೈಂಡರ್ ಬೆಚ್ಚಿದ. "ನಾನ್ ಬರ್ತೀನಿ ಅಂತ ನಿಂಗ್ಯಾರು ಹೇಳಿದ್ದು?"

"ಮಹಡಿ ಅಕ್ಕ. ಬ್ರೇಕ್ ಸರಿಹೋಯ್ತು, ಹೊರಟೇಬಿಟ್ಟ ಅಂತ ಮಧ್ಯಾಹ್ನ ಫೋನ್ ಮಾಡಿದ್ರು. ನಾನು ಮೂರು ದಿನ ರಜಾ ಹಾಕಿ, ನಿಮ್ಗೆ ಹೇಳ್ದೆ ಬರೋಣಾಂತ ಬಸ್ಸಲ್ಲಿ ಕೂತಿದ್ದೆ ಕಣ್ರೀ. ನೀವೇ ಬರ್ತೀರಲ್ಲಾಂತ ಇಳಿದ್ಬಿಟ್ಟೆ. ರಜಾನ ಇನ್ನೊಬ್ಳಿಗೆ ಬಿಟ್ಕೊಟ್ಟೆ, ಅವಳು ಆಗ್ಲೇ ಊರಿಗೆ ಹೋದ್ಲು. ನಂಗೆ ಇವತ್ತು ಸಂಜೆ ಮಾತ್ರ ಬಿಡುವು. ನಾಳೆಯಿಂದ ಎರಡೆರಡು ಪಾಳಿ. ಬೇಗ ಬನ್ನಿ. ಎಲ್ಲಿದ್ದೀರಾ?"

"ಮನೆ ಮುಂದೆ."

ಬೈಂಡರ್ ಹಿಂದೆ ತಿರುಗಿ ಖಾಲಿ ಕುರ್ಚಿ ನೋಡಿದ. ಅವನ ಕಣ್ಣು ತುಂಬಿತು.

"ಬ್ರೇಕಾದ್ರೂ ಸರಿಯಾಯ್ತಾ?" ಅವಳು ಕೇಳಿದಳು.

"ಜಪ್ಪಯ್ಯ ಅಂದ್ರೂ ಗಾಡಿ ಅಲ್ಲಾಡಲ್ಲ."

ಅವಳು ನಕ್ಕಳು, ನಗುತ್ತಲೇ ಮೂಗು ಎಳೆದುಕೊಂಡಳು. "ಎಲ್ಲಿ, ಒಂದ್ಸಲ ಒತ್ತಿ ನೋಡೋಣ."

"ಒತ್ತಿದೆ."

"ಹಿಡ್ಕೊಳ್ಳಿ."

"ಹಿಡಿದೆ."

ಬಿಡಿ ಎಂದು ಅವಳು ಹೇಳಲಿಲ್ಲ. ಇವನು ಕಾಲು ತೆಗೆಯಲಿಲ್ಲ.